ವಿಮಾನಕ್ಕಿಂತ ಹಿರಿಯ ಆಟಿಕೆ

ಹಳೆಯ ಕಾಲದ ವಿಮಾನಗಳ ಪುಟ್ಟ ಮಾದರಿಗಳನ್ನು ಬಾಲ್ಸಾ ಮರದ ಕಡ್ಡಿಗಳಿಂದ ಕಟ್ಟಿ ಹಾರಿಸುವುದು ಕೆಲವರಿಗೆ ಬಿಡದ ಗೀಳು. ದಕ್ಷಿಣ ಅಮೆರಿಕದ ಈ ಮರ ಬೆಂಡಿನಷ್ಟು ಹಗುರ. ಕಡ್ಡಿಗಳನ್ನು ನಕ್ಷೆಯ ಮೇಲಿಟ್ಟು, ಗುಂಡುಸೂಜಿ ಚುಚ್ಚಿ ನಿಲ್ಲಿಸಿ, ಅಂಟು ಹಾಕಿ ಒಣಗಿಸಬೇಕು. ಆ ಹಂದರಕ್ಕೆ ತೆಳ್ಳನೆಯ ಕಾಗದ ಹೊದಿಸಿ ನೀರು ಚಿಮುಕಿಸಿದರೆ, ಕಾಗದ ಒಣಗುತ್ತಾ ಬಿಗಿಯಾಗುತ್ತದೆ. ಒಳಗೆ ಉದ್ದಕ್ಕೂ ಒಂದು ರಬ್ಬರ್ ಪಟ್ಟಿ. ಅದನ್ನು ನೂರಾರು ಸುತ್ತು ಹುರಿ ಮಾಡಿ ಬಿಟ್ಟರೆ, ಹುರಿ ಬಿಚ್ಚಿಕೊಳ್ಳುವ ಬಲಕ್ಕೆ ಪ್ರೊಪೆಲರ್ ತಿರುಗುತ್ತದೆ, ವಿಮಾನ ಏರುತ್ತದೆ.

ನೋಡಿದವರು, "ದೊಡ್ಡ ವಿಮಾನದ ನಕಲು, ಮಕ್ಕಳಾಟ" ಎಂದು ನಕ್ಕುಬಿಡುವುದುಂಟು. ಚರಿತ್ರೆ ಹೇಳುವುದೇ ಬೇರೆ. ಇಲ್ಲಿ ಆಟಿಕೆಯೇ ಅಕ್ಕ, ವಿಮಾನ ಅದರ ಬೆನ್ನಿಗೆ ಹುಟ್ಟಿದ ತಂಗಿ.

ಫ್ರಾನ್ಸಿನ ಅಲ್ಫೋನ್ಸ್ ಪೆನೋ ಹುಟ್ಟಿದ್ದು 1850ರಲ್ಲಿ, ನೌಕಾಪಡೆಯವರ ಮನೆಯಲ್ಲಿ. ಸೊಂಟದ ಕೀಲಿನ ಕಾಯಿಲೆಯಿಂದಾಗಿ ಆತನಿಗೆ ಹಡಗು ಹತ್ತುವ ಭಾಗ್ಯವಿರಲಿಲ್ಲ. ನಡೆಯಲು ಊರುಗೋಲು ಬೇಕಿತ್ತು. ನೆಲದ ಮೇಲೆ ಕುಂಟುತ್ತಿದ್ದವನ ಮನಸ್ಸು ಆಕಾಶಕ್ಕೆ ಹೋಯಿತು. 1871ರ ಆಗಸ್ಟ್ 18ರಂದು ಪ್ಯಾರಿಸ್ಸಿನ ಟ್ಯುಲೆರೀಸ್ ಉದ್ಯಾನದಲ್ಲಿ ಆತನ ಪುಟ್ಟ ಮಾದರಿ ಸುಮಾರು 11 ಸೆಕೆಂಡು, 40 ಮೀಟರ್ ಹಾರಿತು. ತೂಕ ಬರೀ 16 ಗ್ರಾಂ. ಬಲವೆಲ್ಲ ಹುರಿಗೊಂಡ ರಬ್ಬರಿನದು. ಹಾರುವ ಯಂತ್ರ ತಲೆಕೆಳಗಾಗದಿರಲು ಹಿಂದೊಂದು ಬಾಲ ಹೇಗಿರಬೇಕೆಂದು ಆತ ತೋರಿಸಿದ. 1876ರಲ್ಲಿ ಇಬ್ಬರು ಕೂರುವ ವಿಮಾನದ ನಕ್ಷೆಗೆ ಪೇಟೆಂಟ್ ಪಡೆದ. ಕಟ್ಟಲು ಹಣ ಹುಟ್ಟಲಿಲ್ಲ. ಬಗೆಹರಿಯದ ನಿರಾಶೆಯಲ್ಲಿ 1880ರಲ್ಲಿ, ಮೂವತ್ತರ ಹರೆಯದಲ್ಲೇ, ತನ್ನ ಜೀವವನ್ನು ತಾನೇ ಕಳೆದುಕೊಂಡ.

ಅದಕ್ಕೆ ಎರಡು ವರ್ಷ ಮೊದಲು, 1878ರಲ್ಲಿ, ಆತನ ಮಾದರಿಯದೇ ಒಂದು ರಬ್ಬರ್ ಆಟಿಕೆ ಅಮೆರಿಕದ ಮನೆಯೊಂದನ್ನು ಸೇರಿತ್ತು. ಬಿಷಪ್ ಮಿಲ್ಟನ್ ರೈಟ್ ಅದನ್ನು ಮಕ್ಕಳಿಗೆಂದು ತಂದಿದ್ದರು. ವಿಲ್ಬರ್‌ಗೆ 11, ಆರ್ವಿಲ್‌ಗೆ 7 ವರ್ಷ. ಬೆಂಡು, ಬಿದಿರು, ಕಾಗದದ ಆ ಗೊಂಬೆಗೆ ಹುಡುಗರು "ಬಾವಲಿ" ಎಂದು ಹೆಸರಿಟ್ಟರು. ಅದು ಮುರಿದುಹೋದಾಗ ತಾವೇ ಮಾಡಿಕೊಂಡರು. ದೊಡ್ಡದು ಮಾಡಿದಷ್ಟೂ ಅದು ಹಾರಲು ಒಲ್ಲೆನೆಂದಿತು. ಏಕೆಂದು ಅವರಿಗೆ ತಿಳಿದದ್ದು ಆಮೇಲೆ: ಅಳತೆ ಇಮ್ಮಡಿಯಾದರೆ ಬಲ ಎಂಟು ಪಟ್ಟು ಬೇಕು.

ಈ ಕಥೆಯಲ್ಲಿ ನನಗೆ ಹತ್ತಿರದವಳೆನಿಸುವುದು ಅವರ ತಾಯಿ ಸೂಸಾನ್. ಕುದುರೆಗಾಡಿ ಮಾಡುತ್ತಿದ್ದವನ ಮಗಳು ಆಕೆ. ಉಪಕರಣ ಹಿಡಿಯಲು ತಂದೆಯ ಕಾರ್ಖಾನೆಯಲ್ಲೇ ಕಲಿತವಳು. ಮಕ್ಕಳಿಗೆ ಹಿಮದ ಮೇಲೆ ಜಾರುವ ಬಂಡಿಯನ್ನು ಸ್ವತಃ ಮಾಡಿಕೊಟ್ಟಿದ್ದಳು. ಯಂತ್ರದ ವಿಷಯಕ್ಕೆ ಹುಡುಗರು ಸಲಹೆ ಕೇಳುತ್ತಿದ್ದುದು ತಂದೆಯನ್ನಲ್ಲ, ತಾಯಿಯನ್ನು. ಕ್ಷಯರೋಗದಿಂದ ಆಕೆ 1889ರಲ್ಲಿ ತೀರಿಕೊಂಡಳು.

1903ರ ಡಿಸೆಂಬರ್ 17ರಂದು ಆರ್ವಿಲ್ ಹಾರಿದ್ದು 12 ಸೆಕೆಂಡು, 36 ಮೀಟರ್‌ಗೆ ಸ್ವಲ್ಪ ಹೆಚ್ಚು. ಪೆನೋನ ಆಟಿಕೆ ಮೂವತ್ತೆರಡು ವರ್ಷಗಳ ಹಿಂದೆಯೇ ಹೆಚ್ಚು ಕಡಿಮೆ ಅಷ್ಟು ಹಾರಿತ್ತು. ಈ ಸಲ ಅದರ ಮೇಲೆ ಮನುಷ್ಯನಿದ್ದ, ಅಷ್ಟೇ ವ್ಯತ್ಯಾಸ. ಅದನ್ನು ನೋಡಲು ಪೆನೋ ಇರಲಿಲ್ಲ, ಸೂಸಾನಳೂ ಇರಲಿಲ್ಲ.

ಮಕ್ಕಳು ಕಡ್ಡಿ, ಕಾಗದ, ಗೋಂದು ಹರಡಿಕೊಂಡು ಕೂತರೆ ನಮಗೆ ಮೊದಲು ಕಾಣುವುದು ಕಸ. ಪೊರಕೆ ಕೈಗೆತ್ತಿಕೊಳ್ಳುವುದು ಸಂಜೆಯವರೆಗೆ ತಡವಾದರೂ ಮನೆಗೇನೂ ನಷ್ಟವಿಲ್ಲ.