ವಕ್ರದಂತ ಚಿಕಿತ್ಸೆಯ ಗತಿಸಿದ ಆಚಾರ್ಯರು: ಸ್ಮರಣೆಯೂ ನ್ಯಾಯವೂ

ಕಾದಿ ಮಡಿದವನಿಗೆ ವೀರಗಲ್ಲು, ಸಲ್ಲೇಖನದಿಂದ ದೇಹವನ್ನು ತೊರೆದವನಿಗೆ ನಿಷಧಿಗಲ್ಲು. ಗತಿಸಿದವರ ನೆನಪನ್ನು ಹೀಗೆ ಶಿಲೆಯಲ್ಲಿ ನಿಲ್ಲಿಸುವ ಪದ್ಧತಿ ಕನ್ನಡ ನಾಡಿಗೆ ಬಹು ಪುರಾತನವಾದುದು. ವಿದ್ವದ್‌ವೃತ್ತಿಗಳಿಗೂ ಇಂಥ ಕಲ್ಲುಗಳುಂಟು. ಪಾರಿತೋಷಕಕ್ಕೆ ಇಟ್ಟ ಹೆಸರು, ಪತ್ರಿಕೆಯ ಹೆಸರು, ಉಪಕರಣದ ಹೆಸರು ಇವೇ ಅವುಗಳ ಶಾಸನಗಳು. ಆದರೆ ಯಾರ ಹೆಸರಿಗೆ ಕಲ್ಲು ನಿಂತಿತು, ಯಾರದು ಮರೆಯಾಯಿತು ಎಂದು ವಿಚಾರಿಸಿದರೆ ಆ ವೃತ್ತಿಯ ನಿಜವಾದ ಚರಿತ್ರೆ ತೆರೆದುಕೊಳ್ಳುತ್ತದೆ. ಸೊಟ್ಟ ಹಲ್ಲುಗಳನ್ನು ನೇರ್ಪಡಿಸುವ ಶಾಸ್ತ್ರ, ಎಂದರೆ ಆರ್ಥೊಡಾಂಟಿಕ್ಸ್, ಇದಕ್ಕೆ ಒಳ್ಳೆಯ ನಿದರ್ಶನ.

ಈ ಶಾಸ್ತ್ರವನ್ನು ಪ್ರತ್ಯೇಕ ವೃತ್ತಿಯನ್ನಾಗಿ ಕಟ್ಟಿದ ಕೀರ್ತಿ ಅಮೆರಿಕದ ಎಡ್ವರ್ಡ್ ಆಂಗಲ್ ಅವರಿಗೆ ಸಲ್ಲುತ್ತದೆ. 1855ರಲ್ಲಿ ಪೆನ್ಸಿಲ್ವೇನಿಯಾದಲ್ಲಿ ಹುಟ್ಟಿದ ಆಂಗಲ್, 1899ರಲ್ಲಿ ದಂತವಕ್ರತೆಯನ್ನು ಮೂರು ವರ್ಗಗಳಾಗಿ ವಿಂಗಡಿಸಿದರು. ಮೇಲಿನ ಮೊದಲನೆಯ ದವಡೆಹಲ್ಲು ಕೆಳಗಿನದರ ಮೇಲೆ ಹೇಗೆ ಕೂಡುತ್ತದೆಂಬುದೇ ಆ ವಿಂಗಡಣೆಯ ಆಧಾರ. ಇಂದಿಗೂ ವಿದ್ಯಾರ್ಥಿಯ ಪಾಠ ಅಲ್ಲಿಂದಲೇ ಆರಂಭವಾಗುತ್ತದೆ. 1900ರಲ್ಲಿ ಸೇಂಟ್ ಲೂಯಿಯಲ್ಲಿ ಅವರು ಈ ವಿದ್ಯೆಗಾಗಿಯೇ ಶಾಲೆಯೊಂದನ್ನು ತೆರೆದರು. 1920ರ ದಶಕದಲ್ಲಿ ಎಡ್ಜ್‌ವೈಸ್ ಎಂಬ ಸಾಧನವನ್ನು ರೂಪಿಸಿದರು. ಆಯತಾಕಾರದ ತಂತಿಯನ್ನು ಹಲ್ಲಿನ ಕಟ್ಟಿನಲ್ಲಿರುವ ಸೀಳಿಗೆ ಕೂಡಿಸಿ, ಹಲ್ಲನ್ನು ಎಲ್ಲ ದಿಕ್ಕುಗಳಲ್ಲಿಯೂ ಅಂಕೆಯಲ್ಲಿಡುವ ಉಪಾಯವದು. ಇಂದಿನ ಬ್ರಾಕೆಟ್‌ಗಳು ಬಹುಮಟ್ಟಿಗೆ ಅದರ ಸಂತತಿಯೇ.

1930ರಲ್ಲಿ ಆಂಗಲ್ ತೀರಿಕೊಂಡರು. ಶಿಷ್ಯರು ಅವರ ಹೆಸರಿನಲ್ಲಿ ನಡೆಸಿದ ಪತ್ರಿಕೆಯ ಮೊದಲ ಸಂಪುಟ 1931ರಲ್ಲಿ ಹೊರಬಂದಿತು. ತಲೆಬುರುಡೆಯ ಎಕ್ಸ್-ರೇ ಚಿತ್ರವನ್ನು ಅಳತೆಗೆ ಒಳಪಡಿಸುವ ವಿಧಾನವನ್ನು ಕುರಿತ ಬ್ರಾಡ್‌ಬೆಂಟ್ ಅವರ ಪ್ರಸಿದ್ಧ ಲೇಖನ ಪ್ರಕಟವಾದುದು ಆ ಸಂಪುಟದಲ್ಲಿಯೇ. ಗುರುವಿನ ಸ್ಮಾರಕವೇ ಹೊಸ ಜ್ಞಾನದ ಬಾಗಿಲಾದುದು ಸಂತೋಷದ ಸಂಗತಿ.

ಆದರೆ ಆಂಗಲ್ ಅವರಿಗೆ ಒಂದು ಅಚಲ ಸಿದ್ಧಾಂತವಿತ್ತು. ಸೃಷ್ಟಿಯು ಕೊಟ್ಟ ಹಲ್ಲುಗಳೆಲ್ಲವೂ ಬಾಯಲ್ಲಿ ಉಳಿಯಬೇಕು. ಅವು ಸರಿಯಾದ ನೆಲೆಗೆ ಬಂದರೆ ಎಲುಬು ತಾನಾಗಿ ಬೆಳೆದು ಆಧಾರ ಕೊಡುತ್ತದೆ. ಚಿಕಿತ್ಸೆಗಾಗಿ ಹಲ್ಲು ಕೀಳುವುದು ಸಲ್ಲದು. ಇದನ್ನು ಪ್ರಶ್ನಿಸಿದವರು ಷಿಕಾಗೋದ ಕ್ಯಾಲ್ವಿನ್ ಕೇಸ್. 1847ರಲ್ಲಿ ಹುಟ್ಟಿದ ಕೇಸ್, ಸೀಳಂಗುಳದ ರೋಗಿಗಳಿಗೆ ಸಾಧನಗಳನ್ನು ರಚಿಸಿದುದಕ್ಕಾಗಿಯೂ ಹೆಸರಾದವರು. ಎಲ್ಲರಿಗೂ ಹಲ್ಲು ಕೀಳಬೇಕೆಂದು ಅವರು ಹೇಳಲಿಲ್ಲ. ಕೆಲವರಲ್ಲಿ ದವಡೆ ಮತ್ತು ಹಲ್ಲುಗಳ ಗಾತ್ರದ ಅಸಮತೆ ವಂಶದಿಂದ ಬಂದುದು. ಅಂಥವರಲ್ಲಿ ಎಲ್ಲ ಹಲ್ಲುಗಳನ್ನೂ ಉಳಿಸಿದರೆ ತುಟಿಗಳು ಮುಂಚಾಚಿ ಮುಖಸೌಷ್ಠವ ಕೆಡುತ್ತದೆ. ಆ ಕೆಲವರಿಗೆ ಮಾತ್ರ ಇದು ಯುಕ್ತ, ಎಂಬುದಿಷ್ಟೇ ಅವರ ವಾದ.

1911ರಲ್ಲಿ ಅಮೆರಿಕದ ರಾಷ್ಟ್ರೀಯ ದಂತವೈದ್ಯ ಸಂಘದ ಮುಂದೆ ಕೇಸ್ ತಮ್ಮ ಪ್ರಬಂಧವನ್ನು ಓದಿದರು. ಆಂಗಲ್ ಅವರ ಶಿಷ್ಯರಾಗಿದ್ದ ಮಾರ್ಟಿನ್ ಡ್ಯೂಯಿ ಅದನ್ನು ತೀವ್ರವಾಗಿ ಖಂಡಿಸಿದರು. ಆ ಕಾಲಕ್ಕೆ ಜಯ ಆಂಗಲ್ ಪಕ್ಷದ್ದಾಯಿತು. 1923ರಲ್ಲಿ ಕೇಸ್ ಕಾಲವಶರಾದಾಗ ಅವರ ಅಭಿಪ್ರಾಯ ವೃತ್ತಿಯಲ್ಲಿ ಮನ್ನಣೆ ಪಡೆದಿರಲಿಲ್ಲ. ತಮ್ಮ ಮಾತು ನಿಜವಾಗುವುದನ್ನು ನೋಡುವ ಭಾಗ್ಯ ಅವರಿಗೆ ದೊರೆಯಲಿಲ್ಲ.

ಇಲ್ಲಿಂದ ಮುಂದಿನ ಕಥೆ ವಿಚಾರಾರ್ಹವಾದುದು. ಆಂಗಲ್ ಮತವನ್ನು ಸಡಿಲಿಸಿದವರು ಅವರ ವಿರೋಧಿಗಳಲ್ಲ, ಅವರ ಶಿಷ್ಯರೇ. ಅರಿಜೋನಾದ ಚಾರ್ಲ್ಸ್ ಟ್ವೀಡ್ ಗುರುವಿನ ಕೊನೆಯ ವರ್ಷಗಳಲ್ಲಿ ಅವರ ನಿಕಟವರ್ತಿಯಾಗಿದ್ದು, ಎಡ್ಜ್‌ವೈಸ್ ಸಾಧನವೊಂದನ್ನೇ ನೆಚ್ಚಿ ವೃತ್ತಿ ನಡೆಸಿದವರು. ಕೆಲವು ವರ್ಷಗಳ ತರುವಾಯ ಅವರು ತಮ್ಮ ರೋಗಿಗಳನ್ನು ಮತ್ತೆ ಕರೆಸಿ ಪರೀಕ್ಷಿಸಿದರು. ಅನೇಕರಲ್ಲಿ ಹಲ್ಲುಗಳು ಪುನಃ ಸೊಟ್ಟಗಾಗಿದ್ದವು; ಮುಖಗಳು ಮುಂಚಾಚಿದ್ದವು. ಟ್ವೀಡ್ ಅದನ್ನು ಮರೆಮಾಚಲಿಲ್ಲ. ಕೋರೆಹಲ್ಲಿನ ಹಿಂದಿನ ಚಿಕ್ಕ ದವಡೆಹಲ್ಲುಗಳು ನಾಲ್ಕನ್ನು ತೆಗೆಸಿ ಅದೇ ರೋಗಿಗಳಿಗೆ ಎರಡನೆಯ ಬಾರಿ ಚಿಕಿತ್ಸೆ ಮಾಡಿದರು. 1940ರಲ್ಲಿ ಅಂಥ 100 ರೋಗಿಗಳ ಎರಡೂ ಚಿಕಿತ್ಸೆಗಳ ದಾಖಲೆಗಳನ್ನು ಸಹೋದ್ಯೋಗಿಗಳ ಮುಂದಿಟ್ಟರು. ಗುರುದ್ರೋಹವೆಂಬ ಮಾತನ್ನು ಕೇಳಬೇಕಾಗಿ ಬಂದರೂ ಅವರು ಹಿಂಜರಿಯಲಿಲ್ಲ.

ಇತ್ತ ಆಸ್ಟ್ರೇಲಿಯಾದಲ್ಲಿ ರೇಮಂಡ್ ಬೆಗ್ ಬೇರೊಂದು ದಾರಿಯಿಂದ ಅದೇ ತೀರ್ಮಾನಕ್ಕೆ ಬಂದರು. 1924–25ರಲ್ಲಿ ಪ್ಯಾಸಡೀನಾದಲ್ಲಿ ಆಂಗಲ್ ಅವರ ಬಳಿ ಕಲಿತ ಬೆಗ್, ಅಡಿಲೇಡಿಗೆ ಮರಳಿ ಆ ನಾಡಿನ ಮೂಲನಿವಾಸಿಗಳ ಹಲ್ಲುಗಳನ್ನು ಅಭ್ಯಾಸ ಮಾಡಿದರು. ಒರಟು ಆಹಾರದಿಂದ ಅವರ ಹಲ್ಲುಗಳ ಪಕ್ಕಗಳು ಸವೆದು ತಾವಾಗಿಯೇ ಎಡೆ ದೊರೆಯುತ್ತಿತ್ತು. ಮೆದು ಆಹಾರವುಣ್ಣುವ ನಾಗರಿಕನಿಗೆ ಆ ಸವಕಳಿಯಿಲ್ಲವೆಂದೂ, ಆದುದರಿಂದ ಕೆಲವೊಮ್ಮೆ ಹಲ್ಲು ತೆಗೆಯುವುದು ನಿಸರ್ಗಕ್ಕೆ ವಿರುದ್ಧವಲ್ಲವೆಂದೂ 1954ರಲ್ಲಿ ಅವರು ಪ್ರತಿಪಾದಿಸಿದರು. ಅವರ ಹಗುರ ತಂತಿಯ ಪದ್ಧತಿಯನ್ನು ಭಾರತದ ದಂತವೈದ್ಯ ಕಾಲೇಜುಗಳು ಹಲವು ದಶಕ ಬೋಧಿಸಿದವು.

ಇವರಿಬ್ಬರೂ ಗುರುವಿನ ಮಾತನ್ನು ಮೀರಿದರು, ಆದರೆ ಗುರುವಿನ ವಿದ್ಯೆಯನ್ನು ಬಿಡಲಿಲ್ಲ. ಟ್ವೀಡ್ ಅವರ ಕೈಯಲ್ಲಿದ್ದುದು ಆಂಗಲ್ ರಚಿಸಿದ ಸಾಧನವೇ. ಬೆಗ್ ಬಳಸಿದುದು ಆಂಗಲ್ ಅವರ ಹಳೆಯ ರಿಬನ್ ಕಟ್ಟನ್ನೇ ತಲೆಕೆಳಗು ಮಾಡಿದ್ದು. ತರುವಾಯ ಹಲ್ಲು ತೆಗೆಯುವ ರೂಢಿ ಅತಿಯಾಗಿ, ಮತ್ತೆ ಇಳಿಮುಖವಾಯಿತು. ಈಗ ಒಬ್ಬೊಬ್ಬ ರೋಗಿಯ ಮುಖ, ಎಲುಬು, ಎಡೆಗಳನ್ನು ನೋಡಿ ನಿರ್ಣಯಿಸುವುದೇ ಕ್ರಮ. ಅದು ಕೇಸ್ ಕೇಳಿಕೊಂಡ ವಿವೇಕವಲ್ಲದೆ ಮತ್ತೇನು?

ಈ ಸಂದರ್ಭದಲ್ಲಿ ಡೆನ್ವರಿನ ಆಲ್ಬರ್ಟ್ ಕೆಚಮ್ ಅವರನ್ನು ನೆನೆಯಬೇಕು. ಹಲ್ಲನ್ನು ಸರಿಸುವ ಚಿಕಿತ್ಸೆಯಿಂದ ಬೇರುಗಳು ಕರಗಿ ಗಿಡ್ಡವಾಗುವುದುಂಟೆಂದು ಅವರು 1927ರಲ್ಲಿಯೂ 1929ರಲ್ಲಿಯೂ ಎಕ್ಸ್-ರೇ ಚಿತ್ರಗಳ ಆಧಾರದಿಂದ ತೋರಿಸಿದರು. ತನ್ನ ವೃತ್ತಿಯ ದೋಷವನ್ನು ಹೊರಗೆಡಹಿದವನನ್ನು ವೃತ್ತಿಗಳು ಸಾಮಾನ್ಯವಾಗಿ ಪ್ರೀತಿಸುವುದಿಲ್ಲ. ಆದರೆ 1929ರಲ್ಲಿ ಸ್ಥಾಪಿತವಾದ ಅಮೆರಿಕದ ಆರ್ಥೊಡಾಂಟಿಕ್ಸ್ ಪರೀಕ್ಷಾಮಂಡಲಿಗೆ ಕೆಚಮ್ ಅವರೇ ಪ್ರಥಮ ಅಧ್ಯಕ್ಷರಾದರು. 1935ರಲ್ಲಿ ಅವರು ಗತಿಸಿದ ಮೇಲೆ ಆ ವೃತ್ತಿಯ ಅತ್ಯುನ್ನತ ಸ್ಮಾರಕ ಪಾರಿತೋಷಕ ಅವರ ಹೆಸರಿನಲ್ಲಿಯೇ ನಿಂತಿತು.

ಕೇಸ್ ಅವರಿಗೂ ತಡವಾಗಿಯಾದರೂ ನ್ಯಾಯ ದೊರೆಯಿತು. 1911ರ ಆ ಪ್ರಬಂಧವನ್ನು ಅಮೆರಿಕದ ಆರ್ಥೊಡಾಂಟಿಕ್ಸ್ ಪತ್ರಿಕೆ 53 ವರ್ಷಗಳ ಅನಂತರ, 1964ರಲ್ಲಿ, ಪುನರ್ಮುದ್ರಿಸಿತು. ಆ ಪತ್ರಿಕೆಯ ಮೂಲ 1915ರಲ್ಲಿ ಆರಂಭವಾದ ಪತ್ರಿಕೆಯಲ್ಲಿದೆ. ಅದರ ಮೊದಲ ಸಂಪಾದಕರು ಅಂದು ಕೇಸ್ ಅವರನ್ನು ಖಂಡಿಸಿದ್ದ ಡ್ಯೂಯಿ ಅವರೇ! ಕಾಲಪುರುಷನ ತೀರ್ಪು ಇದಕ್ಕಿಂತ ಮಾರ್ಮಿಕವಾಗಿರಲಾರದು.

ನಮ್ಮ ದೇಶದಲ್ಲಿ ಈ ವಿದ್ಯೆಯ ಪರಂಪರೆ ಇನ್ನೂ ಎಳೆಯದು. 1920ರಲ್ಲಿ ಕಲ್ಕತ್ತೆಯಲ್ಲಿ ರಫೀಉದ್ದೀನ್ ಅಹಮದ್ ಅವರು ಭಾರತದ ಮೊದಲ ದಂತವೈದ್ಯ ಕಾಲೇಜನ್ನು ಸ್ಥಾಪಿಸಿದರು. ಬೆಂಗಳೂರಿನ ಸರಕಾರಿ ಕಾಲೇಜು 1958ರದು. ಭಾರತೀಯ ಆರ್ಥೊಡಾಂಟಿಕ್ ಸೊಸೈಟಿ ಆರಂಭವಾದುದು 1965ರಲ್ಲಿ. ಮೊದಲ ತಲೆಮಾರಿನ ಅಧ್ಯಾಪಕರಲ್ಲಿ ಅನೇಕರು ಈಗ ನಮ್ಮೊಡನಿಲ್ಲ. ಅವರ ಭಾವಚಿತ್ರಕ್ಕೆ ಹಾರ ಹಾಕಿ ಎರಡು ನಿಮಿಷ ಮೌನ ಆಚರಿಸುವುದು ಉಚಿತವೇ. ಆದರೆ ಅಷ್ಟರಿಂದ ಋಣ ತೀರುವುದಿಲ್ಲ. ಅವರು ಕಾದಿರಿಸಿದ ಗಾರೆಯ ಅಚ್ಚುಗಳು, ಎಕ್ಸ್-ರೇ ಚಿತ್ರಗಳು, ಕೈಬರಹದ ಟಿಪ್ಪಣಿಗಳು ಗೆದ್ದಲಿನ ಪಾಲಾಗದಂತೆ ರಕ್ಷಿಸಬೇಕು. ಫಲಿಸಿದ ಚಿಕಿತ್ಸೆಯೊಡನೆ ಫಲಿಸದ ಚಿಕಿತ್ಸೆಯನ್ನೂ ಬರೆದಿಡಬೇಕು. ಟ್ವೀಡ್ ಹಳೆಯ ದಾಖಲೆಗಳನ್ನು ಇಟ್ಟುಕೊಂಡಿರದಿದ್ದರೆ ಸತ್ಯವು ಅವರಿಗೆ ಕಾಣುತ್ತಿರಲಿಲ್ಲ. ಕೇಸ್ ಅವರ ವಾದ ಅಚ್ಚಾಗಿರದಿದ್ದರೆ ಅದನ್ನು ಮರಳಿ ಓದಲು ಯಾರಿಗೂ ಸಾಧ್ಯವಾಗುತ್ತಿರಲಿಲ್ಲ. ಗತಿಸಿದವರಿಗೆ ನಾವು ಸಲ್ಲಿಸಬಹುದಾದ ತರ್ಪಣವೆಂದರೆ, ಅವರ ಮಾತನ್ನು ಇನ್ನೊಮ್ಮೆ ಪರೀಕ್ಷಿಸಲು ಬೇಕಾದ ಸಾಮಗ್ರಿಯನ್ನು ಮುಂದಿನವರ ಕೈಗೆ ಒಪ್ಪಿಸುವುದೇ ಆಗಿದೆ.