ಪಟ್ಟದ ಹಕ್ಕು ಮತ್ತು ಹೆಣ್ಣಿನ ಸಂತತಿ: ಉಳ್ಳಾಲದಿಂದ ಕಿತ್ತೂರಿನವರೆಗೆ

ಯುರೋಪಿನ ರಾಜಮನೆತನಗಳ ಮುಂದಿನ ಪೀಳಿಗೆಯನ್ನು ಗಮನಿಸಿದರೆ ಸ್ವೀಡನ್ನಿನ ವಿಕ್ಟೋರಿಯಾ, ನೆದರ್ಲೆಂಡ್ಸಿನ ಕ್ಯಾಥರೀನಾ ಅಮಾಲಿಯಾ, ಬೆಲ್ಜಿಯಮ್ಮಿನ ಎಲಿಸಬೆತ್, ಸ್ಪೇನಿನ ಲಿಯೋನೋರ್ ಹೀಗೆ ಪಟ್ಟಕ್ಕೆ ಕಾದಿರುವವರಲ್ಲಿ ಹೆಣ್ಣುಮಕ್ಕಳೇ ಎದ್ದು ಕಾಣುತ್ತಾರೆ. ಇದನ್ನು ತರಗತಿಯಲ್ಲಿ ಪ್ರಸ್ತಾಪಿಸಿದಾಗ ವಿದ್ಯಾರ್ಥಿನಿಯೊಬ್ಬಳು, "ನಮ್ಮಲ್ಲಿ ಇದು ಎಂದೋ ಇತ್ತಲ್ಲ ಸರ್, ಅಬ್ಬಕ್ಕ, ಚೆನ್ನಮ್ಮ ಇದ್ದರಲ್ಲ" ಎಂದಳು. ಹೆಮ್ಮೆಯ ಮಾತು, ಆದರೆ ಅರ್ಧ ಮಾತ್ರ ಸರಿ. ನಮ್ಮ ಪಠ್ಯಪುಸ್ತಕಗಳು ಈ ಇಬ್ಬರನ್ನೂ 'ವೀರರಾಣಿ' ಎಂಬ ಒಂದೇ ಶೀರ್ಷಿಕೆಯಡಿ ಕೂಡಿಸುವುದರಿಂದ ಒಂದು ಮೂಲಭೂತ ಪ್ರಶ್ನೆ ಮರೆಯಾಗಿಬಿಡುತ್ತದೆ: ಇವರು ಯಾವ ಹಕ್ಕಿನಿಂದ ಆಳಿದರು?

ಅಮ್ಮಿನಬಾವಿಯವನಾದ ನನಗೆ ಕಿತ್ತೂರು ನೆರೆಯ ಊರು. ಉಳ್ಳಾಲ ಘಟ್ಟದ ಕೆಳಗಿನ ಬೇರೆಯೇ ಲೋಕ. ಆದ್ದರಿಂದ ಮೊದಲು ಕಿತ್ತೂರಿನಿಂದಲೇ ಹೊರಡುತ್ತೇನೆ. ದೇಸಾಯಿ ಮಲ್ಲಸರ್ಜನು 1816ರಲ್ಲಿ ತೀರಿಕೊಂಡ. ಹಿರಿಯ ರಾಣಿ ರುದ್ರಮ್ಮನ ಮಗ ಶಿವಲಿಂಗರುದ್ರಸರ್ಜನು 1824ರ ಸೆಪ್ಟೆಂಬರಿನಲ್ಲಿ ಸಂತಾನವಿಲ್ಲದೆ ತೀರಿಕೊಂಡಾಗ ದತ್ತಕದ ಪ್ರಶ್ನೆ ಎದ್ದಿತು. ಧಾರವಾಡದ ಕಲೆಕ್ಟರ್ ಥ್ಯಾಕರೆ ಆ ದತ್ತಕವನ್ನು ಒಪ್ಪಲಿಲ್ಲ. ಅಕ್ಟೋಬರ್ 23ರಂದು ಕೋಟೆಯ ಬಾಗಿಲಲ್ಲಿ ನಡೆದ ಕಾಳಗದಲ್ಲಿ ಆತ ಸತ್ತ. ಡಿಸೆಂಬರಿನಲ್ಲಿ ಕೋಟೆ ಬಿತ್ತು. ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲಿ 1829ರಲ್ಲಿ ಕಣ್ಣುಮುಚ್ಚಿದಳು. ಇಷ್ಟು ಎಲ್ಲರಿಗೂ ಗೊತ್ತಿರುವ ಸಂಗತಿ. ನಾವು ಗಮನಿಸದ ಅಂಶವೆಂದರೆ, ಕಂಪನಿಯೂ ಕಿತ್ತೂರೂ ಜಗಳವಾಡಿದ್ದು ಒಬ್ಬ ಹುಡುಗನ ಹಕ್ಕಿನ ಬಗ್ಗೆ. ಚೆನ್ನಮ್ಮನೇ ಪಟ್ಟಕ್ಕೆ ಹಕ್ಕುದಾರಳು ಎಂಬ ವಾದ ಎರಡೂ ಕಡೆಗಳಲ್ಲಿ ಇರಲಿಲ್ಲ. ಅವಳ ಅಧಿಕಾರ ಮದುವೆಯಿಂದ ಬಂದದ್ದು, ದತ್ತುಪುತ್ರನ ಹೆಸರಿನಲ್ಲಿ ನಿಲ್ಲಬೇಕಾದದ್ದು. ಕೆಳದಿಯ ಚೆನ್ನಮ್ಮಾಜಿಯ ಸ್ಥಿತಿಯೂ ಇದೇ. ಪತಿ ಸೋಮಶೇಖರ ನಾಯಕನ ನಂತರ ಕಾಲು ಶತಮಾನ ಸಮರ್ಥವಾಗಿ ಆಳಿ, ಮೊಗಲರಿಗೆ ಹೆದರದೆ ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟವಳು ಬಸಪ್ಪನಾಯಕನನ್ನು ದತ್ತು ತೆಗೆದುಕೊಂಡೇ ವಂಶವನ್ನು ಮುಂದುವರಿಸಬೇಕಾಯಿತು.

ಘಟ್ಟ ಇಳಿದರೆ ಹಕ್ಕಿನ ಬೇರೇ ಬೇರೆ. ತುಳುನಾಡಿನ ಚೌಟ, ಬಂಗ, ಅಜಿಲ ಮೊದಲಾದ ಜೈನ ಅರಸುಮನೆತನಗಳಲ್ಲಿ ಅಳಿಯಸಂತಾನ ಕಟ್ಟು ನಡೆದುಬಂದಿತ್ತು: ಮಾವನಿಂದ ಸೋದರಳಿಯನಿಗೆ ಪಟ್ಟ, ತಾಯಿಯಿಂದ ಮಗಳಿಗೆ ಸಂತತಿ. ಇದಕ್ಕೆ ನನಗೆ ತಿಳಿದ ಅತ್ಯಂತ ಸ್ಪಷ್ಟ ಸಾಕ್ಷ್ಯ ವೇಣೂರಿನ ಗೊಮ್ಮಟನ ಪಕ್ಕದ ಶಾಸನ. 1604ರಲ್ಲಿ ಮೂರ್ತಿಯನ್ನು ನಿಲ್ಲಿಸಿದ ತಿಮ್ಮರಾಜನನ್ನು ಅದು ರಾಯಕುವರನ ಅಳಿಯ, ಪಾಂಡ್ಯಕದೇವಿಯ ಮಗ, ಪಾಂಡ್ಯನ ತಮ್ಮ ಎಂದು ಪರಿಚಯಿಸುತ್ತದೆ. ಮಾವನ ಹೆಸರಿದೆ, ತಾಯಿಯ ಹೆಸರಿದೆ, ಅಣ್ಣನ ಹೆಸರಿದೆ, ತಂದೆಯ ಹೆಸರಿಲ್ಲ. ಬಯಲುಸೀಮೆಯ ಶಾಸನಗಳನ್ನು ಓದಿ ರೂಢಿಯಾದವನು ಇಲ್ಲಿ ಒಂದು ಕ್ಷಣ ತಡೆದು ನಿಲ್ಲಲೇಬೇಕು. ಕಲ್ಲಿನ ಕವಿ ಮರೆತದ್ದಲ್ಲ ಅದು. ಪಟ್ಟದ ಹಕ್ಕಿಗೆ ತಂದೆ ಅಗತ್ಯವಿರಲಿಲ್ಲ. (ಈ ಪದ್ಧತಿಗೆ ಭೂತಾಳ ಪಾಂಡ್ಯನ ಕಥೆಯನ್ನು ಮೂಲವಾಗಿ ಹೇಳುವುದುಂಟು. ಅವನ ಹೆಸರಿನ 'ಕಟ್ಟುಕಟ್ಟಳೆ'ಯನ್ನು ಬರ್ನೆಲ್ ಕೃತಕವೆಂದು ಸಂಶಯಿಸಿದ್ದ. ಕಥೆ ಏನೇ ಇರಲಿ, ವೇಣೂರಿನ ಕಲ್ಲು ಕೃತಕವಲ್ಲ.)

ಉಳ್ಳಾಲದ ಚೌಟರಾಣಿಯ ಪ್ರಸಂಗವನ್ನು ಈ ಹಿನ್ನೆಲೆಯಲ್ಲಿ ಓದಬೇಕು. ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲೆ 1623ರಲ್ಲಿ ಮಣೇಲ್ ಎಂಬಲ್ಲಿ ಉಳ್ಳಾಲದ ರಾಣಿಯನ್ನು ಕಂಡ. ಸಿಂಹಾಸನದ ಮೇಲಲ್ಲ, ನೀರಿಗಾಗಿ ತೋಡಿಸುತ್ತಿದ್ದ ಕಾಲುವೆಗಳನ್ನು ನೋಡಲು ಆಕೆ ಬರಿಗಾಲಿನಲ್ಲಿ, ಕೆಲವೇ ಕಾವಲುಗಾರರೊಡನೆ ನಡೆದು ಹೊರಟಿದ್ದಳು. ಆಕೆಯ ಕಥೆಯನ್ನೂ ಅವನು ದಾಖಲಿಸಿದ್ದಾನೆ: ನೆರೆಯ ಬಂಗರಾಜನನ್ನು ಮದುವೆಯಾದದ್ದು, ಇಬ್ಬರೂ ಬೇರೆಯಾದದ್ದು, ಆಮೇಲಿನ ಯುದ್ಧದಲ್ಲಿ ಬಂಗನ ಪರ ಪೋರ್ಚುಗೀಸರೂ ರಾಣಿಯ ಪರ ಕೆಳದಿಯ ವೆಂಕಟಪ್ಪನಾಯಕನೂ ನಿಂತದ್ದು. ಈಕೆಯೇ ಪ್ರಸಿದ್ಧ ಅಬ್ಬಕ್ಕಳೇ, ಆಕೆಯ ನಂತರದವಳೇ ಎಂಬ ಚರ್ಚೆ ವಿದ್ವಾಂಸರಲ್ಲಿದೆ. ಸದ್ಯದ ವಾದಕ್ಕೆ ಅದು ಮುಖ್ಯವಲ್ಲ. ಗಂಡನನ್ನು ಬಿಟ್ಟ ಮೇಲೆಯೂ ರಾಜ್ಯ ಅವಳದಾಗಿಯೇ ಉಳಿಯಿತು ಎಂಬುದು ಮುಖ್ಯ. ಕಿತ್ತೂರಿನಲ್ಲಾಗಲಿ ಕೆಳದಿಯಲ್ಲಾಗಲಿ ಇದನ್ನು ಊಹಿಸಲೂ ಆಗದು, ಏಕೆಂದರೆ ಅಲ್ಲಿ ಮದುವೆಯೇ ಹಕ್ಕಿನ ಮೂಲ.

ಹಾಗೆಂದು ಅಳಿಯಸಂತಾನವನ್ನು ಸ್ತ್ರೀರಾಜ್ಯವೆಂದು ಕೊಂಡಾಡುವವರ ಜೊತೆ ನಾನು ಸೇರಲಾರೆ. ಸಂತತಿ ಹೆಣ್ಣಿನದಾದರೂ ಸಾಮಾನ್ಯವಾಗಿ ಪಟ್ಟ ಗಂಡಿನದೇ. ವೇಣೂರಿನಲ್ಲಿ ತಿಮ್ಮರಾಜನ ನಂತರ ಮಧುರಕ್ಕದೇವಿ, ಗೇರುಸೊಪ್ಪೆಯಲ್ಲಿ 1552ರಿಂದ 1606ರವರೆಗೆ, ಪೋರ್ಚುಗೀಸರಿಂದ 'ಕಾಳುಮೆಣಸಿನ ರಾಣಿ' ಎನಿಸಿಕೊಂಡ ಚೆನ್ನಭೈರಾದೇವಿ ಆಳಿದ್ದು ನಿಜ. ಆದರೆ ಪಟ್ಟಾವಳಿಗಳ ತುಂಬ ಇರುವುದು ಮಾವ ಅಳಿಯಂದಿರೇ.

ಯುರೋಪಿಗೆ ಹಿಂತಿರುಗಿದರೆ ಈ ಭೇದ ಅಲ್ಲಿಯೂ ಇದೆ. ಇಂಗ್ಲೆಂಡಿನ ವಿಕ್ಟೋರಿಯಾ 1837ರಲ್ಲಿ ರಾಣಿಯಾದಾಗ, ಅದುವರೆಗೆ ಅದೇ ಅರಸರ ಕೈಯಲ್ಲಿದ್ದ ಹ್ಯಾನೋವರ್ ಅವಳ ಚಿಕ್ಕಪ್ಪನ ಪಾಲಾಯಿತು; ಅಲ್ಲಿನ ನಿಯಮ ಹೆಣ್ಣನ್ನು ಒಪ್ಪುತ್ತಿರಲಿಲ್ಲ. ಎರಡನೆಯ ಎಲಿಜಬೆತ್ ರಾಣಿಯಾದದ್ದು ಅಣ್ಣತಮ್ಮಂದಿರು ಇಲ್ಲದ್ದರಿಂದ. ಸ್ಪೇನಿನ ಲಿಯೋನೋರಳ ಸ್ಥಿತಿ ಇಂದಿಗೂ ಅದೇ. ಸ್ವೀಡನ್ನಿನದು ಬೇರೆ: 1979ರಲ್ಲಿ ಹುಟ್ಟಿ ಯುವರಾಜನಾಗಿದ್ದ ಕೂಸು ಕಾರ್ಲ್ ಫಿಲಿಪ್, 1980ರ ಜನವರಿ 1ರಿಂದ ಜಾರಿಗೆ ಬಂದ ನಿಯಮದಿಂದ ಅಕ್ಕ ವಿಕ್ಟೋರಿಯಾಳಿಗೆ ಸ್ಥಾನ ಬಿಟ್ಟುಕೊಟ್ಟ. ನೆದರ್ಲೆಂಡ್ಸ್ 1983ರಲ್ಲಿ, ನಾರ್ವೆ 1990ರಲ್ಲಿ, ಬೆಲ್ಜಿಯಂ 1991ರಲ್ಲಿ ಇದನ್ನೇ ಮಾಡಿದವು. ಬ್ರಿಟನ್ 2013ರಲ್ಲಿ ಕಾಯ್ದೆ ರೂಪಿಸಿತು. ತಮ್ಮನಿದ್ದರೂ ಅಕ್ಕನಿಗೇ ಪಟ್ಟ ಎಂಬ ಈ ಮಾತು ನಮ್ಮ ತುಳುನಾಡಿನ ಕಟ್ಟಿನಲ್ಲಿಯೂ ಇರಲಿಲ್ಲ. ಆದ್ದರಿಂದ 'ನಮ್ಮಲ್ಲಿ ಎಂದೋ ಇತ್ತು' ಎನ್ನುವಾಗ ಇದ್ದದ್ದು ಯಾವುದು ಎಂದು ಕೇಳಿಕೊಳ್ಳಬೇಕಾಗುತ್ತದೆ.

ಮೈಸೂರಿನ ಒಂದು ಇತ್ತೀಚಿನ ಸಂಗತಿ ಸಂಶೋಧಕರಿಗೆ ಉಪಯುಕ್ತ. 2013ರ ಡಿಸೆಂಬರಿನಲ್ಲಿ ಶ್ರೀಕಂಠದತ್ತ ನರಸಿಂಹರಾಜ ಒಡೆಯರ್ ಮಕ್ಕಳಿಲ್ಲದೆ ತೀರಿಕೊಂಡರು. ಪಟ್ಟಕ್ಕೆ ರಾಜ್ಯವಿಲ್ಲದ ಕಾಲ. ಉಳಿದದ್ದು ವಂಶದ ಹೆಸರು, ದಸರೆಯ ಖಾಸಗಿ ದರ್ಬಾರು. ಪ್ರಮೋದಾದೇವಿಯವರು 2015ರ ಫೆಬ್ರವರಿಯಲ್ಲಿ ದತ್ತು ತೆಗೆದುಕೊಂಡ ಯದುವೀರರು ಹೊರಗಿನವರಲ್ಲ. ಜಯಚಾಮರಾಜ ಒಡೆಯರ ಹಿರಿಯ ಮಗಳು ಗಾಯತ್ರಿದೇವಿ. ಅವರ ಮಗಳ ಮಗ. ರಕ್ತ ಎರಡು ತಲೆಮಾರು ಹೆಣ್ಣಿನ ಮೂಲಕವೇ ಹರಿದು ಬಂದಿದ್ದರೂ ಅದು ಹಕ್ಕಾಗಲಿಲ್ಲ. ದತ್ತಕವಿಧಿ ನಡೆದು, ಅರಸು ಮನೆತನದ ಹೆಸರು ಹೋಗಿ ಒಡೆಯರ್ ಎಂಬ ಹೆಸರು ಬಂದ ಮೇಲೆಯೇ, ಆ ವರ್ಷದ ಮೇ ತಿಂಗಳಲ್ಲಿ ಪಟ್ಟಾಭಿಷೇಕವಾಯಿತು.