ಗೇಮ್‌ಕ್ಯೂಬ್

ಜಪಾನಿನ ನಿಂಟೆಂಡೊ ಕಂಪನಿ 2001ರ ಸೆಪ್ಟೆಂಬರ್‌ನಲ್ಲಿ ಮಾರುಕಟ್ಟೆಗೆ ತಂದ ವಿಡಿಯೊ ಗೇಮ್ ಕನ್ಸೋಲ್. ಬೆನ್ನಿಗೆ ಹಿಡಿಕೆಯಿದ್ದ, 8 ಸೆಂ.ಮೀ. ಡಿಸ್ಕ್ ಹಾಕಿ ಆಡುವ ಪುಟ್ಟ ಪೆಟ್ಟಿಗೆ. ಕನ್ಸೋಲ್ ಒಂದು ವ್ಯಾಪಾರದಲ್ಲಿ ಗೆದ್ದಿತೇ ಎಂದು ತೀರ್ಮಾನಿಸುವುದು ಎಷ್ಟು ತೊಡಕಿನ ಕೆಲಸ ಎಂಬುದಕ್ಕೆ ಇದು ಅತ್ಯುತ್ತಮ ಉದಾಹರಣೆ.

ಬರೀ ಮಾರಾಟ ನೋಡಿದರೆ ಸೋಲೇ. ಇದು ಖರ್ಚಾದದ್ದು ಸುಮಾರು 2.17 ಕೋಟಿ; ಮೈಕ್ರೋಸಾಫ್ಟ್‌ನ ಎಕ್ಸ್‌ಬಾಕ್ಸ್ ಸುಮಾರು 2.4 ಕೋಟಿ, ಸೋನಿಯ ಪ್ಲೇಸ್ಟೇಷನ್ 2 ಹದಿನೈದು ಕೋಟಿಗೂ ಹೆಚ್ಚು. ನಿಂಟೆಂಡೊದ್ದೇ ಹಿಂದಿನ ಕನ್ಸೋಲ್ ಕೂಡ ಇದಕ್ಕಿಂತ ಹೆಚ್ಚು ಮಾರಾಟವಾಗಿತ್ತು.

ಲಾಭನಷ್ಟದ ಲೆಕ್ಕ ತೆಗೆದರೆ ಚಿತ್ರ ಬದಲಾಗುತ್ತದೆ. ಪೆಟ್ಟಿಗೆಯನ್ನು ಅಸಲಿಗೋ ಅದಕ್ಕಿಂತ ಕಡಿಮೆಗೋ ಮಾರಿ, ಗೇಮ್‌ಗಳಲ್ಲಿ ಹಣ ಹುಟ್ಟಿಸಿಕೊಳ್ಳುವುದು ಈ ವ್ಯಾಪಾರದ ರೂಢಿ. ಹೆಚ್ಚು ಮಾರಿದ ಎಕ್ಸ್‌ಬಾಕ್ಸ್‌ನಿಂದ ಮೈಕ್ರೋಸಾಫ್ಟ್‌ಗೆ ನೂರಾರು ಕೋಟಿ ಡಾಲರ್ ನಷ್ಟವಾಯಿತು; ನಿಂಟೆಂಡೊ ಆ ವರ್ಷಗಳಲ್ಲೆಲ್ಲ ವಾರ್ಷಿಕ ಲಾಭ ಕಂಡಿತು. ಅದರಲ್ಲಿ ಕೈಯಲ್ಲಿ ಹಿಡಿದು ಆಡುವ ಗೇಮ್ ಬಾಯ್ ಅಡ್ವಾನ್ಸ್‌ನ ಪಾಲು ದೊಡ್ಡದೆಂಬುದನ್ನು ಮರೆಯಬಾರದು. ಆದರೂ ಗೇಮ್‌ಕ್ಯೂಬ್ ಕೊಂಡವರು ಅದರ ಗೇಮ್‌ಗಳನ್ನೂ ಕೊಂಡರು: 'ಸೂಪರ್ ಸ್ಮ್ಯಾಶ್ ಬ್ರದರ್ಸ್ ಮೆಲೀ' ಒಂದರದ್ದೇ ಎಪ್ಪತ್ತು ಲಕ್ಷಕ್ಕೂ ಹೆಚ್ಚು ಪ್ರತಿಗಳು, ಅಂದರೆ ಹೆಚ್ಚುಕಡಿಮೆ ಮೂರು ಕನ್ಸೋಲಿಗೆ ಒಂದು, ಮಾರಾಟವಾದವು.

ಪೈಪೋಟಿಯಲ್ಲಿ ಹಿಂದೆ ಬಿದ್ದರೂ ಗೇಮ್‌ಕ್ಯೂಬ್ ಕಂಪನಿಯನ್ನು ಮುಳುಗಿಸಲಿಲ್ಲ. 2006ರಲ್ಲಿ ಬಂದ ಅದರ ಉತ್ತರಾಧಿಕಾರಿ ವೀ ಹತ್ತು ಕೋಟಿಗೂ ಹೆಚ್ಚು ಮಾರಾಟವಾಯಿತು.